ಚಿಕ್ಕ ರಿವಾಲ್ವರಿಗೆ ಕಡಿಮೆ ಒದೆತದ ತೋಟಾಗಳ ಆಯ್ಕೆ: ಪರವಾನಗಿದಾರರಿಗೆ ಮಾಹಿತಿ

1. ಪೀಠಿಕೆ

ಆತ್ಮರಕ್ಷಣೆಯ ಕಾರಣಕ್ಕಾಗಿ ಆಯುಧ ಪರವಾನಗಿ ಪಡೆಯುವವರಲ್ಲಿ ಹಲವರು ಚಿಕ್ಕದಾದ, ಹಗುರವಾದ ರಿವಾಲ್ವರನ್ನು ಇಷ್ಟಪಡುತ್ತಾರೆ. ಅದನ್ನು ಒಯ್ಯುವುದು ಸುಲಭ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಿಸುವುದು ಸುಲಭ, ವಯಸ್ಸಾದವರೂ ಮಹಿಳೆಯರೂ ಅದನ್ನು ನಿರಾಯಾಸವಾಗಿ ಹಿಡಿಯಬಲ್ಲರು ಎಂಬುದು ಈ ಆಯ್ಕೆಯ ಹಿಂದಿರುವ ತಿಳಿವಳಿಕೆ. ಹಿಡಿಯುವ ಮಟ್ಟಿಗೆ ಇದು ನಿಜ. ಹಾರಿಸುವಾಗ ಪರಿಸ್ಥಿತಿ ತಿರುಗಿಬೀಳುತ್ತದೆ. ಒಂದೇ ಬಗೆಯ ತೋಟಾವನ್ನು ಹಾರಿಸಿದಾಗ ಭಾರವಾದ ರಿವಾಲ್ವರಿಗಿಂತ ಹಗುರವಾದ ರಿವಾಲ್ವರೇ ಕೈಗೆ ಹೆಚ್ಚು ಪೆಟ್ಟು ಕೊಡುತ್ತದೆ.

ಈ ಪೆಟ್ಟು ಕೇವಲ ನೋವಿನ ವಿಷಯವಲ್ಲ. ಕೈಗೆ ನೋವು ಕೊಡುವ ಆಯುಧದಿಂದ ಯಾರೂ ಅಭ್ಯಾಸ ಮಾಡಲು ಬಯಸುವುದಿಲ್ಲ. ಅಭ್ಯಾಸವಿಲ್ಲದವರು ಟ್ರಿಗರ್ ಎಳೆಯುವ ಕ್ಷಣದಲ್ಲಿ ಒದೆತವನ್ನು ನೆನೆದು ಬೆಚ್ಚುತ್ತಾರೆ; ಕೈ ಅದುರುತ್ತದೆ; ಗುಂಡು ಗುರಿ ತಪ್ಪುತ್ತದೆ. ಗುರಿ ತಪ್ಪಿದ ಗುಂಡು ಎಲ್ಲಿಯಾದರೂ ಹೋಗಿ ನಾಟಲೇಬೇಕು. ಆ ಸ್ಥಳದಲ್ಲಿ ಮನೆಯವರೋ, ನೆರೆಯವರೋ, ದಾರಿಹೋಕರೋ ಇರಬಹುದು. ಆದ್ದರಿಂದ ರಿವಾಲ್ವರನ್ನು ಮತ್ತು ಅದರ ತೋಟಾವನ್ನು ಜೊತೆಯಾಗಿ ಪರಿಗಣಿಸಿ, ತಮ್ಮ ಕೈಗೆ ಒಗ್ಗುವ ಜೋಡಿಯನ್ನು ಆರಿಸಿಕೊಳ್ಳುವುದು ಪ್ರತಿಯೊಬ್ಬ ಪರವಾನಗಿದಾರರ ಹೊಣೆಯಾಗಿರುತ್ತದೆ. ಈ ಆಯ್ಕೆಗೆ ಅಗತ್ಯವಾದ ಮೂಲಭೂತ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

2. ಒದೆತ ಎಂದರೇನು?

ತೋಟಾ ಎಂದರೆ ನಾಲ್ಕು ವಸ್ತುಗಳ ಕಟ್ಟು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಪ್ರೈಮರ್ ಸಿಡಿದು ಮದ್ದು ಉರಿಯುತ್ತದೆ. ಉರಿದ ಅನಿಲದ ಒತ್ತಡವು ಗುಂಡನ್ನು ನಳಿಗೆಯ ಮೂಲಕ ಮುಂದಕ್ಕೆ ತಳ್ಳುತ್ತದೆ. ಗುಂಡು ಮುಂದಕ್ಕೆ ಹೋದಂತೆ ಆಯುಧವು ಹಿಂದಕ್ಕೆ ಸರಿಯುತ್ತದೆ. ಶಾಲಾ ಪಠ್ಯಪುಸ್ತಕಗಳಲ್ಲಿ ನ್ಯೂಟನ್ನನ ಮೂರನೆಯ ನಿಯಮಕ್ಕೆ ಉದಾಹರಣೆಯಾಗಿ ಬರುವ ಬಂದೂಕಿನ ಹಿಮ್ಮೆಟ್ಟುವಿಕೆ ಇದೇ. ಬಳಕೆದಾರರು ಇದನ್ನು ಒದೆತ ಎಂದು ಕರೆಯುತ್ತಾರೆ. ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸಲಾಗಿದೆ.

ಒದೆತದ ಪ್ರಮಾಣವನ್ನು ಮುಖ್ಯವಾಗಿ ಮೂರು ಅಂಶಗಳು ನಿರ್ಧರಿಸುತ್ತವೆ:

(ಅ) ಗುಂಡಿನ ತೂಕ ಮತ್ತು ವೇಗ. ಇವೆರಡರ ಗುಣಲಬ್ಧ ಹೆಚ್ಚಿದಂತೆ ಒದೆತ ಹೆಚ್ಚುತ್ತದೆ.

(ಆ) ಮದ್ದಿನ ಪ್ರಮಾಣ. ಮದ್ದಿನಿಂದ ಹುಟ್ಟಿದ ಅನಿಲವೂ ನಳಿಗೆಯಿಂದ ರಭಸವಾಗಿ ಹೊರಬೀಳುವುದರಿಂದ ಒದೆತಕ್ಕೆ ತನ್ನ ಪಾಲನ್ನು ಸೇರಿಸುತ್ತದೆ.

(ಇ) ಆಯುಧದ ತೂಕ. ಆಯುಧ ಹಗುರವಾದಷ್ಟೂ ಅದು ಹೆಚ್ಚು ವೇಗದಿಂದ ಹಿಂದಕ್ಕೆ ಬರುತ್ತದೆ.

ಮೊದಲೆರಡು ಅಂಶಗಳು ತೋಟಾದ ಆಯ್ಕೆಗೆ ಸಂಬಂಧಿಸಿದವು. ಮೂರನೆಯದು ರಿವಾಲ್ವರ್ ಕೊಳ್ಳುವ ದಿನವೇ ನಿಶ್ಚಿತವಾಗಿಬಿಡುತ್ತದೆ.

3. ತೂಕದ ಲೆಕ್ಕ

ನಮ್ಮ ದೇಶದಲ್ಲಿ ನಾಗರಿಕರು ಪರವಾನಗಿಯ ಮೇಲೆ ಹೆಚ್ಚಾಗಿ ಹೊಂದಿರುವುದು .32 ಬೋರಿನ ರಿವಾಲ್ವರ್. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಮಾರುಕಟ್ಟೆಗೆ ಬಂದ 'ನಿರ್ಭೀಕ್' ರಿವಾಲ್ವರನ್ನು ಮಹಿಳೆಯರನ್ನು ದೃಷ್ಟಿಯಲ್ಲಿಟ್ಟುಕೊಂಡು ಟೈಟಾನಿಯಂ ಮಿಶ್ರಲೋಹದಿಂದ ರೂಪಿಸಲಾಗಿದ್ದು, ಅದರ ತೂಕ ಸುಮಾರು 500 ಗ್ರಾಂ. 2023ರಲ್ಲಿ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಸಂಸ್ಥೆ ಹೊರತಂದ 'ಪ್ರಬಲ್' ರಿವಾಲ್ವರಿನ ತೂಕ ಸುಮಾರು 700 ಗ್ರಾಂ. ಎರಡರ ಬೋರೂ .32 ಆಗಿರುತ್ತದೆ.

ಈ ಬೋರಿನ ಸಾಮಾನ್ಯ ರಿವಾಲ್ವರ್ ತೋಟಾದ ಗುಂಡಿನ ತೂಕ 98 ಗ್ರೇನ್, ಅಂದರೆ ಸುಮಾರು 6.35 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 215 ಮೀಟರ್ ಎಂದು ಇಟ್ಟುಕೊಂಡು, ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬದಿಗಿರಿಸಿ ಲೆಕ್ಕ ಹಾಕಿದರೆ ಈ ಕೆಳಗಿನ ಫಲಿತಾಂಶ ದೊರೆಯುತ್ತದೆ:

– 700 ಗ್ರಾಂ ತೂಕದ ರಿವಾಲ್ವರ್: ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ಸುಮಾರು 1.9 ಮೀಟರ್, ಒದೆತದ ಶಕ್ತಿ ಸುಮಾರು 1.3 ಜೂಲ್.
– 500 ಗ್ರಾಂ ತೂಕದ ರಿವಾಲ್ವರ್: ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ಸುಮಾರು 2.7 ಮೀಟರ್, ಒದೆತದ ಶಕ್ತಿ ಸುಮಾರು 1.9 ಜೂಲ್.

ಅಂದರೆ ತೂಕದಲ್ಲಿ ಶೇಕಡಾ 29ರಷ್ಟು ಉಳಿತಾಯ ಮಾಡಿದರೆ ಒದೆತದ ಶಕ್ತಿ ಶೇಕಡಾ 40ರಷ್ಟು ಏರುತ್ತದೆ. ಜಮೆಯ ಕಡೆ ಬರೆದ ಲಾಭಕ್ಕೆ ಖರ್ಚಿನ ಕಡೆಯೂ ಒಂದು ನಮೂದು ಇರುತ್ತದೆ ಎಂಬುದನ್ನು ಖರೀದಿದಾರರು ಮರೆಯಬಾರದು. ದಿನವಿಡೀ ಆಯುಧವನ್ನು ಒಯ್ಯಬೇಕಾದವರಿಗೆ ಹಗುರತನ ನಿಜವಾದ ಅನುಕೂಲವೇ ಸರಿ. ಆದರೆ ರಿವಾಲ್ವರ್ ಬಹುಪಾಲು ಮನೆಯಲ್ಲಿಯೇ ಇರುವುದಾದರೆ ಆ 200 ಗ್ರಾಂ ಉಳಿತಾಯದಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ರತಿ ಬಾರಿ ಹಾರಿಸುವಾಗಲೂ ಅದರ ಬೆಲೆಯನ್ನು ಕೈ ತೆರಬೇಕಾಗುತ್ತದೆ.

ಮೇಲಿನ ಅಂಕಿಗಳು ಹೋಲಿಕೆಗಾಗಿ ಮಾತ್ರ. ತಯಾರಕರು ಘೋಷಿಸುವ ವೇಗವು ಪ್ರಯೋಗಾಲಯದ ನಳಿಗೆಯಲ್ಲಿ ಅಳೆದದ್ದಾಗಿರುತ್ತದೆ. ಚಿಕ್ಕ ರಿವಾಲ್ವರಿನ ಗಿಡ್ಡ ನಳಿಗೆಯಲ್ಲಿ ವೇಗ ಸ್ವಲ್ಪ ಕಡಿಮೆಯಾಗುವುದು ಸಹಜ.

4. ಲೆಕ್ಕಕ್ಕೆ ಸಿಗದ ಒದೆತ

ಜೂಲ್ ಲೆಕ್ಕದಲ್ಲಿ ಸಮನಾಗಿರುವ ಎರಡು ರಿವಾಲ್ವರುಗಳು ಕೈಗೆ ಬೇರೆ ಬೇರೆಯಾಗಿ ತಟ್ಟಬಹುದು. ಇದಕ್ಕೆ ಕಾರಣಗಳು ಹೀಗಿವೆ:

ಹಿಡಿಯ ಆಕಾರ: ಚಿಕ್ಕ ರಿವಾಲ್ವರಿನ ಹಿಡಿ ಗಿಡ್ಡವಾಗಿದ್ದು ಕಿರುಬೆರಳಿಗೆ ಆಸರೆ ಸಿಗದಿರಬಹುದು. ಆಗ ಎರಡೇ ಬೆರಳುಗಳು ಆಯುಧವನ್ನು ತಡೆಯಬೇಕಾಗುತ್ತದೆ. ಕಿರಿದಾದ ಹಿಡಿಯು ಒದೆತವನ್ನು ಅಂಗೈಯ ಒಂದೇ ಭಾಗಕ್ಕೆ, ಹೆಬ್ಬೆರಳಿನ ಬುಡಕ್ಕೆ ಒತ್ತುತ್ತದೆ. ಅಗಲವಾದ ರಬ್ಬರ್ ಹಿಡಿಯು ಅದೇ ಒದೆತವನ್ನು ಅಂಗೈಯ ತುಂಬ ಹರಡುತ್ತದೆ.

ನಳಿಗೆಯ ಎತ್ತರ: ನಳಿಗೆಯು ಹಿಡಿದ ಕೈಗಿಂತ ಮೇಲಿರುವುದರಿಂದ ಆಯುಧ ನೇರವಾಗಿ ಹಿಂದಕ್ಕೆ ಬರದೆ ಮೂತಿಯನ್ನು ಮೇಲಕ್ಕೆತ್ತುತ್ತದೆ. ಹಿಡಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ಹಿಡಿದರೆ ಈ ಎಗರುವಿಕೆ ಕಡಿಮೆಯಾಗುತ್ತದೆ.

ಶಬ್ದ ಮತ್ತು ಬೆಂಕಿಯ ಝಳ: ಗಿಡ್ಡ ನಳಿಗೆಯಲ್ಲಿ ಶಬ್ದ ತೀಕ್ಷ್ಣವಾಗಿರುತ್ತದೆ, ಬೆಂಕಿಯ ಝಳ ಕಣ್ಣಿಗೆ ಹೊಡೆಯುತ್ತದೆ. ಹೊಸಬರು ಬೆಚ್ಚುವುದು ಎಷ್ಟೋ ಸಲ ಒದೆತಕ್ಕಲ್ಲ, ಸದ್ದಿಗೆ. ಅಭ್ಯಾಸದ ವೇಳೆ ಕಿವಿಗೂ ಕಣ್ಣಿಗೂ ರಕ್ಷಣೆಯನ್ನು ಕಡ್ಡಾಯವಾಗಿ ಧರಿಸತಕ್ಕದ್ದು.

ಮೊಣಕೈ, ಮಣಿಕಟ್ಟುಗಳ ಸ್ಥಿತಿ: ಸಂಧಿವಾತ, ಹಳೆಯ ಮುರಿತ ಅಥವಾ ವಯೋಸಹಜ ದೌರ್ಬಲ್ಯವಿರುವವರು ಕೊಳ್ಳುವ ಮುನ್ನವೇ ಅದೇ ಮಾದರಿಯ ಆಯುಧವನ್ನು ತರಬೇತಿ ಕೇಂದ್ರದಲ್ಲಿ ಪ್ರಯತ್ನಿಸಿ ನೋಡುವುದು ಸೂಕ್ತ.

5. '.32' ಎಂಬ ಒಂದು ಹೆಸರು, ಹಲವು ತೋಟಾಗಳು

ಪರವಾನಗಿ ಪುಸ್ತಕದಲ್ಲಿ '.32 ಬೋರ್' ಎಂದಷ್ಟೇ ಬರೆದಿದ್ದರೂ ಆ ಹೆಸರಿನ ಅಡಿಯಲ್ಲಿ ಹಲವು ತೋಟಾಗಳಿವೆ. ಇವು ಒಂದರ ಬದಲಿಗೆ ಇನ್ನೊಂದನ್ನು ಬಳಸುವಂಥವಲ್ಲ. ಈ ಭೇದವನ್ನು ತಿಳಿಯುವುದು ಆಯ್ಕೆಯ ಮೊದಲ ಹೆಜ್ಜೆ.

(ಅ) .32 ಸ್ಮಿತ್ ಅಂಡ್ ವೆಸನ್ ಲಾಂಗ್: ಭಾರತದಲ್ಲಿ ತಯಾರಾಗುವ .32 ರಿವಾಲ್ವರುಗಳಿಗೆ ಸೇರಿದ ತೋಟಾ ಇದು. 1896ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಕೋಶದ ಉದ್ದ ಸುಮಾರು 23 ಮಿ.ಮೀ. ಇದನ್ನು 7.65 × 23 ಮಿ.ಮೀ. ಎಂದೂ ನಮೂದಿಸಲಾಗುತ್ತದೆ. ದೇಶದಲ್ಲಿ ಇದನ್ನು ಪುಣೆಯ ಖಡ್ಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆ ತಯಾರಿಸುತ್ತದೆ. 2021ರ ಅಕ್ಟೋಬರಿನಿಂದ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಸಂಸ್ಥೆಯ ಅಧೀನದಲ್ಲಿದೆ.

(ಆ) .32 ಪಿಸ್ತೂಲಿನ ತೋಟಾ: ಇದು .32 ಎ.ಸಿ.ಪಿ. ಅಥವಾ 7.65 ಮಿ.ಮೀ. ಬ್ರೌನಿಂಗ್. ಕೋಶದ ಉದ್ದ ಸುಮಾರು 17 ಮಿ.ಮೀ. ಸ್ವಯಂಚಾಲಿತವಾಗಿ ತೋಟಾ ಏರುವ ಪಿಸ್ತೂಲುಗಳಿಗಾಗಿ ರೂಪಿಸಿದ್ದು. ಗುಂಡು 71 ಗ್ರೇನ್ ತೂಕದ್ದಾಗಿದ್ದು ಹಗುರವಾಗಿರುವುದರಿಂದ, ರಿವಾಲ್ವರಿಗೆ ಇದನ್ನು ಹಾಕಿದರೆ ಒದೆತ ಕಡಿಮೆಯಾಗಬಹುದೆಂದು ಕೆಲವರು ಭಾವಿಸುತ್ತಾರೆ. ಇದು ಅಪಾಯಕಾರಿ ಕಲ್ಪನೆ. ಈ ತೋಟಾದ ಒಳಒತ್ತಡವು ರಿವಾಲ್ವರ್ ತೋಟಾದ ಒತ್ತಡಕ್ಕಿಂತ ಹೆಚ್ಚಿನದು. ತೋಟಾ ಸಿಲಿಂಡರಿನ ಮನೆಯೊಳಗೆ ಕುಳಿತುಕೊಂಡ ಮಾತ್ರಕ್ಕೆ ಅದು ಆ ಆಯುಧಕ್ಕೆ ಸೇರಿದ್ದೆಂದು ಅರ್ಥವಲ್ಲ.

(ಇ) .32 ಸ್ಮಿತ್ ಅಂಡ್ ವೆಸನ್: 'ಲಾಂಗ್' ಎಂಬ ಪದವಿಲ್ಲದ ಈ ತೋಟಾ 1878ರಷ್ಟು ಹಳೆಯದು. ಕೋಶ ಇನ್ನೂ ಗಿಡ್ಡ, ಗುಂಡು ಸುಮಾರು 85 ಗ್ರೇನ್ ತೂಕದ್ದು, ಒದೆತವೂ ಕಡಿಮೆ. 'ಲಾಂಗ್' ತೋಟಾದ ಮನೆಯಲ್ಲಿ ಇದು ಕೂರುತ್ತದೆ. ಆದರೂ ರಿವಾಲ್ವರಿನ ತಯಾರಕರು ಕೈಪಿಡಿಯಲ್ಲಿ ಅನುಮತಿಸಿದ್ದರೆ ಮಾತ್ರ ಬಳಸತಕ್ಕದ್ದು.

(ಈ) .32 ಎಚ್ ಅಂಡ್ ಆರ್ ಮ್ಯಾಗ್ನಂ ಮತ್ತು .327 ಫೆಡರಲ್ ಮ್ಯಾಗ್ನಂ: ಕ್ರಮವಾಗಿ 1984 ಮತ್ತು 2007ರಲ್ಲಿ ಅಮೆರಿಕದಲ್ಲಿ ಬಂದ, ಹೆಚ್ಚು ಉದ್ದದ, ಬಹಳ ಹೆಚ್ಚಿನ ಒತ್ತಡದ ತೋಟಾಗಳು. ಇವು 'ಲಾಂಗ್' ರಿವಾಲ್ವರಿಗೆ ಸರ್ವಥಾ ಸಲ್ಲವು.

ಖರೀದಿಸುವಾಗ 'ಪಾಯಿಂಟ್ ಮೂವತ್ತೆರಡು ಕೊಡಿ' ಎಂದಷ್ಟೇ ಕೇಳದೆ, ರಿವಾಲ್ವರಿನದೋ ಪಿಸ್ತೂಲಿನದೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಪೆಟ್ಟಿಗೆಯ ಮೇಲಿನ ಬರಹವನ್ನೂ ತೋಟಾದ ತಳದಲ್ಲಿ ಕೊರೆದಿರುವ ಗುರುತನ್ನೂ ಓದಿ ಖಚಿತಪಡಿಸಿಕೊಳ್ಳತಕ್ಕದ್ದು.

6. ಸರಿಯಾದ ತೋಟಾದೊಳಗೇ ಕಡಿಮೆ ಒದೆತದ್ದನ್ನು ಆರಿಸುವ ಬಗೆ

ಆಯುಧಕ್ಕೆ ಸೇರಿದ ತೋಟಾ ಯಾವುದೆಂದು ಖಚಿತವಾದ ಬಳಿಕ, ಅದರ ವಿವಿಧ ತಯಾರಿಕೆಗಳ ನಡುವೆ ಆಯ್ಕೆ ಸಾಧ್ಯವಿದ್ದಲ್ಲಿ ಕೆಳಗಿನ ಅಂಶಗಳನ್ನು ಗಮನಿಸಬಹುದು.

ವೇಗ: ಒದೆತದ ಶಕ್ತಿಯು ಗುಂಡಿನ ತೂಕ ಮತ್ತು ವೇಗಗಳ ಗುಣಲಬ್ಧದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಒಂದೇ ತೂಕದ ಗುಂಡಿನ ವೇಗ ಶೇಕಡಾ 10ರಷ್ಟು ತಗ್ಗಿದರೆ ಒದೆತದ ಶಕ್ತಿ ಸುಮಾರು ಶೇಕಡಾ 19ರಷ್ಟು ತಗ್ಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ವೇಗದ ಅಂಕಿಯನ್ನು ನಿರ್ಲಕ್ಷಿಸಬಾರದು.

ಗುಂಡಿನ ತೂಕ: ವೇಗ ಸಮನಾಗಿದ್ದರೆ ಹಗುರವಾದ ಗುಂಡು ಕಡಿಮೆ ಒದೆಯುತ್ತದೆ. ಆದರೆ ತಯಾರಕರು ಹಗುರವಾದ ಗುಂಡನ್ನು ಹೆಚ್ಚು ವೇಗದಲ್ಲಿ ಕಳುಹಿಸುವುದುಂಟು. ತೂಕವೊಂದನ್ನೇ ನೋಡಿ ತೀರ್ಮಾನಿಸುವುದು ತಪ್ಪಾಗುತ್ತದೆ. ಎರಡನ್ನೂ ಗುಣಿಸಿ ಹೋಲಿಸತಕ್ಕದ್ದು.

ವಾಡ್‌ಕಟರ್ ಗುಂಡು: ಚಪ್ಪಟೆ ಮೂತಿಯ ಸೀಸದ ಗುಂಡಿಗೆ ಈ ಹೆಸರಿದೆ. ಕಾಗದದ ಗುರಿಯಲ್ಲಿ ದುಂಡಾದ, ಅಚ್ಚುಕಟ್ಟಾದ ರಂಧ್ರ ಮಾಡುವುದಕ್ಕಾಗಿ ಇದನ್ನು ರೂಪಿಸಲಾಗಿದ್ದು, ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ತಯಾರಿಸಲಾಗುತ್ತದೆ. ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡೆಯ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ .32 ಸ್ಮಿತ್ ಅಂಡ್ ವೆಸನ್ ಲಾಂಗ್ ವಾಡ್‌ಕಟರ್ ತೋಟಾ ಬಹುಕಾಲದಿಂದ ಹೆಚ್ಚು ಬಳಕೆಯಲ್ಲಿದೆ. ಜಸ್ಪಾಲ್ ರಾಣಾ ಅವರು 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಸ್ಪರ್ಧೆಗಳಲ್ಲಿ ಇದೂ ಒಂದು. ವಿಶ್ವಮಟ್ಟದ ಗುರಿಕಾರರು ದೊಡ್ಡ ತೋಟಾಗಳನ್ನು ಬಿಟ್ಟು ಇದನ್ನು ಆರಿಸುವುದಕ್ಕೆ ಮುಖ್ಯ ಕಾರಣ ಅದರ ಮೃದುವಾದ ಒದೆತ ಮತ್ತು ನಿಖರತೆ. ಕಡಿಮೆ ಒದೆತವನ್ನು ಬಯಸುವುದು ದೌರ್ಬಲ್ಯದ ಲಕ್ಷಣವೆಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಹೊಂದಾಣಿಕೆ: ಕಡಿಮೆ ವೇಗದ ಗುಂಡು ಗುರಿಹಲಗೆಯಲ್ಲಿ ಬೇರೆ ಎತ್ತರಕ್ಕೆ ನಾಟಬಹುದು. ಅಭ್ಯಾಸಕ್ಕೆ ಒಂದು ಬಗೆ, ಮನೆಯಲ್ಲಿ ಇರಿಸುವುದಕ್ಕೆ ಇನ್ನೊಂದು ಬಗೆ ಇಟ್ಟುಕೊಳ್ಳುವವರು ಎರಡನ್ನೂ ಹಾರಿಸಿ ವ್ಯತ್ಯಾಸವನ್ನು ತಿಳಿದಿರಬೇಕು. ಆದಷ್ಟು ಒಂದೇ ಬಗೆಯನ್ನು ಬಳಸುವುದು ಉತ್ತಮ.

7. ಕಡಿಮೆ ಶಕ್ತಿಯ ತೋಟಾಗಳಲ್ಲಿ ವಹಿಸಬೇಕಾದ ವಿಶೇಷ ಎಚ್ಚರಿಕೆ

ಮೃದುವಾದ ತೋಟಾಗಳನ್ನು ಬಳಸುವವರು ಮೂರು ಸಂದರ್ಭಗಳನ್ನು ಗುರುತಿಸಲು ಕಲಿತಿರಬೇಕು.

ನಳಿಗೆಯಲ್ಲಿ ಸಿಲುಕಿದ ಗುಂಡು: ಮದ್ದು ಸರಿಯಾಗಿ ಉರಿಯದಿದ್ದರೆ ಗುಂಡು ನಳಿಗೆಯ ಮಧ್ಯದಲ್ಲಿಯೇ ನಿಲ್ಲಬಹುದು. ಇದರ ಗುರುತು ಎಂದಿಗಿಂತ ಮಂಕಾದ ಸದ್ದು ಮತ್ತು ಎಂದಿಗಿಂತ ಕಡಿಮೆ ಒದೆತ. ಒದೆತ ಮೊದಲೇ ಕಡಿಮೆಯಿರುವ ತೋಟಾಗಳಲ್ಲಿ ಈ ವ್ಯತ್ಯಾಸ ಗಮನಕ್ಕೆ ಬಾರದೆ ಹೋಗುವ ಸಂಭವ ಹೆಚ್ಚು. ಹಿಂದೆಯೇ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು ಅಥವಾ ಸಿಡಿಯಬಹುದು. ಸಂಶಯ ಬಂದ ಕೂಡಲೇ ನಿಲ್ಲಿಸಿ, ಆಯುಧವನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಕೆಳಗೆ ಹೇಳಿದಂತೆ ಕಾದು, ತೋಟಾಗಳನ್ನೆಲ್ಲ ತೆಗೆದು ತರಬೇತುದಾರರಿಗೆ ಅಥವಾ ಪರವಾನಗಿ ಪಡೆದ ಆಯುಧ ದುರಸ್ತಿಗಾರರಿಗೆ ತೋರಿಸತಕ್ಕದ್ದು. ಸ್ವತಃ ಬಡಿದು ತೆಗೆಯುವ ಪ್ರಯತ್ನ ಮಾಡಬಾರದು.

ತಡವಾಗಿ ಸಿಡಿಯುವ ತೋಟಾ: ಟ್ರಿಗರ್ ಎಳೆದರೂ ತೋಟಾ ಹಾರದಿದ್ದರೆ ಆಯುಧವನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯತಕ್ಕದ್ದು. ಆ ಅವಧಿಯಲ್ಲಿ ಮತ್ತೆ ಟ್ರಿಗರ್ ಎಳೆಯಬಾರದು. ಎಳೆದರೆ ಸಿಲಿಂಡರ್ ತಿರುಗಿ, ತಡವಾಗಿ ಹೊತ್ತುವ ತೋಟಾ ನಳಿಗೆಗೆ ಎದುರಾಗಿಲ್ಲದ ಸ್ಥಾನದಲ್ಲಿ ಸಿಡಿಯುವ ಅಪಾಯವಿದೆ.

ಮುಂದಕ್ಕೆ ಜಾರುವ ಗುಂಡು: ಇದು ಹಗುರ ರಿವಾಲ್ವರುಗಳ ವಿಶೇಷ ಸಮಸ್ಯೆ. ಒಂದು ತೋಟಾ ಹಾರಿದಾಗ ಆಯುಧ ರಭಸದಿಂದ ಹಿಂದಕ್ಕೆ ಬರುತ್ತದೆ. ಸಿಲಿಂಡರಿನಲ್ಲಿ ಉಳಿದಿರುವ ತೋಟಾಗಳ ಕೋಶಗಳೂ ಅದರೊಂದಿಗೆ ಹಿಂದಕ್ಕೆ ಎಳೆಯಲ್ಪಡುತ್ತವೆ. ಆದರೆ ಗುಂಡುಗಳು ಇದ್ದಲ್ಲಿಯೇ ಉಳಿಯಲು ನೋಡುತ್ತವೆ. ಕೋಶದ ಬಾಯಿಯ ಬಿಗಿತ ಸಾಲದಿದ್ದರೆ ಗುಂಡು ಸ್ವಲ್ಪ ಸ್ವಲ್ಪವಾಗಿ ಹೊರಬಂದು ಸಿಲಿಂಡರ್ ತಿರುಗದಂತೆ ತಡೆಯುತ್ತದೆ.  ತಯಾರಕರ ಎಚ್ಚರಿಕೆಯ ಬರಹ ಯಾವುದೇ ಆಯುಧದ ಮೇಲಿದ್ದರೂ ಅದನ್ನು ಮೀರುವಂತಿಲ್ಲ. .32 ತೋಟಾದ ಒದೆತ ಮೃದುವಾದ್ದರಿಂದ ಈ ತೊಂದರೆ ಅಪರೂಪ. ಆದರೂ ಹೊಸ ಬಗೆಯ ತೋಟಾವನ್ನು ಮೊದಲ ಬಾರಿ ಬಳಸುವಾಗ ಐದನ್ನು ಹಾರಿಸಿ, ಆರನೆಯದನ್ನು ಹೊರತೆಗೆದು, ಗುಂಡು ಜಾರಿದೆಯೇ ಎಂದು ಹಾರಿಸದ ಇನ್ನೊಂದು ತೋಟಾದೊಡನೆ ಹೋಲಿಸಿ ನೋಡುವುದು ಒಳ್ಳೆಯ ರೂಢಿ.

8. ಅಭ್ಯಾಸ

ಎಷ್ಟೇ ಮೃದುವಾದ ತೋಟಾವನ್ನು ಆರಿಸಿದರೂ ಅಭ್ಯಾಸಕ್ಕೆ ಪರ್ಯಾಯವಿಲ್ಲ. ಆಯುಧ ನಿಯಮಗಳು, 2016ರ ಪ್ರಕಾರ ಸುರಕ್ಷತಾ ತರಬೇತಿ ಪಡೆಯುವುದು ಪರವಾನಗಿ ಪ್ರಕ್ರಿಯೆಯ ಒಂದು ಭಾಗವಾಗಿದೆ. ಇದನ್ನು ಕೇವಲ ಒಂದು ದಾಖಲೆಯೆಂದು ಭಾವಿಸದೆ, ತಮ್ಮ ಕೈಗೆ ಯಾವ ಒದೆತ ಒಗ್ಗುತ್ತದೆ ಎಂದು ತಿಳಿಯುವ ಅವಕಾಶವಾಗಿ ಬಳಸಿಕೊಳ್ಳಬೇಕು.

ಬೆಚ್ಚುವ ಅಭ್ಯಾಸವಿದೆಯೇ ಎಂದು ತಿಳಿಯಲು ತರಬೇತುದಾರರು ಅನುಸರಿಸುವ ಸರಳ ವಿಧಾನವೊಂದಿದೆ. ಅವರು ಸಿಲಿಂಡರಿನಲ್ಲಿ ನಿಜವಾದ ತೋಟಾಗಳ ನಡುವೆ ಅಲ್ಲಲ್ಲಿ ಮದ್ದಿಲ್ಲದ ಅಭ್ಯಾಸದ ತೋಟಾಗಳನ್ನು ಸೇರಿಸುತ್ತಾರೆ. ಯಾವ ಮನೆಯಲ್ಲಿ ಯಾವುದಿದೆ ಎಂದು ಹಾರಿಸುವವರಿಗೆ ತಿಳಿದಿರುವುದಿಲ್ಲ. ಮದ್ದಿಲ್ಲದ ತೋಟಾ ಬಂದಾಗ ಮೂತಿ ಕೆಳಕ್ಕೆ ಬಾಗಿದರೆ ಅದು ಒದೆತವಲ್ಲ, ಒದೆತದ ಭಯ. ಮೃದುವಾದ ತೋಟಾಗಳಿಂದ ನಿಧಾನವಾಗಿ ಅಭ್ಯಾಸ ಮಾಡಿದರೆ ಈ ಭಯ ಇಳಿಯುತ್ತದೆ. ಈ ವಿಧಾನವನ್ನು ಮಾನ್ಯತೆ ಪಡೆದ ಶೂಟಿಂಗ್ ರೇಂಜಿನಲ್ಲಿ, ತರಬೇತುದಾರರ ಸಮ್ಮುಖದಲ್ಲಿ ಮಾತ್ರ ಅನುಸರಿಸತಕ್ಕದ್ದು.

9. ಖರೀದಿ, ದಾಸ್ತಾನು ಮತ್ತು ಕಾನೂನು

(1) ತೋಟಾಗಳನ್ನು ಪರವಾನಗಿ ಪಡೆದ ವ್ಯಾಪಾರಿಗಳಿಂದ ಮಾತ್ರ, ಪರವಾನಗಿ ಪುಸ್ತಕವನ್ನು ಹಾಜರುಪಡಿಸಿ, ಅದರಲ್ಲಿ ನಮೂದಿಸಿರುವ ಬೋರ್ ಮತ್ತು ಪ್ರಮಾಣದ ಮಿತಿಯೊಳಗೆ ಖರೀದಿಸತಕ್ಕದ್ದು. ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

(2) ಅಭ್ಯಾಸಕ್ಕೆ ಎಷ್ಟು, ಮನೆಯಲ್ಲಿ ಉಳಿಸಿಕೊಳ್ಳಲು ಎಷ್ಟು ಎಂಬ ಲೆಕ್ಕವನ್ನು ವರ್ಷದ ಆರಂಭದಲ್ಲಿಯೇ ಹಾಕಿಕೊಳ್ಳುವುದು ಒಳಿತು. ವಾರ್ಷಿಕ ಮಿತಿಯ ತೋಟಾಗಳನ್ನೆಲ್ಲ ಪೆಟ್ಟಿಗೆಯಲ್ಲಿಯೇ ಉಳಿಸಿ ಒಂದನ್ನೂ ಅಭ್ಯಾಸಕ್ಕೆ ಬಳಸದಿರುವುದು ಉಳಿತಾಯವಲ್ಲ.

(3) ತೋಟಾಗಳನ್ನು ತಂಪಾದ, ಒಣಗಿದ ಸ್ಥಳದಲ್ಲಿ, ಆಯುಧದಿಂದ ಪ್ರತ್ಯೇಕವಾಗಿ, ಬೀಗದೊಳಗೆ, ಮಕ್ಕಳ ಕೈಗೆ ಸಿಗದಂತೆ ಇರಿಸತಕ್ಕದ್ದು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವಾಂಶದ ಬಗ್ಗೆ ವಿಶೇಷ ಗಮನವಿರಲಿ. ಹಸಿರುಗಟ್ಟಿದ, ಬಿರುಕುಬಿಟ್ಟ, ಗುಂಡು ಸಡಿಲವಾದ ತೋಟಾಗಳನ್ನು ಬಳಸಬಾರದು. ತೋಟಾಗಳಿಗೆ ಎಣ್ಣೆ ಸವರಬಾರದು. ಎಣ್ಣೆ ಒಳಗಿಳಿದರೆ ಪ್ರೈಮರ್ ಕೆಡುತ್ತದೆ.

(4) ಚುನಾವಣೆಯ ಸಂದರ್ಭದಲ್ಲಿ ಠೇವಣಿ ಇರಿಸಿದ ಆಯುಧವನ್ನು ಮರಳಿ ಪಡೆದಾಗ ನಳಿಗೆ ಸ್ವಚ್ಛವಾಗಿದೆಯೇ, ಸಿಲಿಂಡರ್ ಸರಾಗವಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ತೋಟಾ ತುಂಬತಕ್ಕದ್ದು.

(5) ಆಯುಧ ಅಧಿನಿಯಮ, 1959ಕ್ಕೆ 2019ರಲ್ಲಿ ತಂದ ತಿದ್ದುಪಡಿಯಂತೆ, ಇತರರ ಪ್ರಾಣಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ಸಂಭ್ರಮಾಚರಣೆಗಾಗಿ ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ತೋಟಾದ ಒದೆತ ಕಡಿಮೆಯಿತ್ತೆಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಡಿಮೆ ಒದೆತದ ತೋಟಾ ಎಂದರೆ ಕಡಿಮೆ ಅಪಾಯದ ತೋಟಾ ಎಂದು ಅರ್ಥವೇ?
ಉತ್ತರ: ಇಲ್ಲ. ಹಾರಿಸುವವರ ಕೈಗೆ ಮೃದುವಾಗಿರುವ ತೋಟಾ ಎದುರಿಗಿರುವವರಿಗೆ ಮೃದುವಲ್ಲ. .22ರಿಂದ ಮೊದಲ್ಗೊಂಡು ಯಾವುದೇ ತೋಟಾ ಪ್ರಾಣಾಂತಕವಾಗಬಲ್ಲದು.

ಪ್ರಶ್ನೆ: .38 ಬೋರಿನ ಚಿಕ್ಕ ರಿವಾಲ್ವರಿಗೆ 148 ಗ್ರೇನ್ ವಾಡ್‌ಕಟರ್ ಉತ್ತಮವೆಂದು ಅಮೆರಿಕದ ಪುಸ್ತಕಗಳಲ್ಲಿ ಓದಿದ್ದೇನೆ. ಇಲ್ಲಿ ಅದು ಅನ್ವಯಿಸುತ್ತದೆಯೇ?
ಉತ್ತರ: ಆ ಸಲಹೆ ಅಲ್ಲಿನ ಸ್ಥಿತಿಗೆ ಸರಿ. ಅಲ್ಲಿ ಚಿಕ್ಕ ರಿವಾಲ್ವರಿನ ಸಾಮಾನ್ಯ ಬೋರ್ .38 ಸ್ಪೆಷಲ್. 158 ಗ್ರೇನ್ ಗುಂಡಿನ ಸಾಮಾನ್ಯ ತೋಟಾವನ್ನು 500 ಗ್ರಾಂ ತೂಕದ ಆಯುಧದಲ್ಲಿ ಹಾರಿಸಿದರೆ, ಮೇಲಿನ ವಿಧಾನದಲ್ಲಿಯೇ ಲೆಕ್ಕ ಹಾಕಿದಾಗ ಒದೆತ ನಮ್ಮ .32 ತೋಟಾಕ್ಕಿಂತ ಸುಮಾರು ಮೂರು ಪಟ್ಟು ಬರುತ್ತದೆ. ಆದ್ದರಿಂದಲೇ ಅಲ್ಲಿ ಮೃದುವಾದ ತೋಟಾದ ಹುಡುಕಾಟ ಹೆಚ್ಚು. ನಮ್ಮಲ್ಲಿ .38 ಬೋರ್ ಪ್ರತಿಬಂಧಿತ ವರ್ಗಕ್ಕೆ ಸೇರಿದ್ದು, ಸಾಮಾನ್ಯ ಪರವಾನಗಿಯ ಮೇಲೆ ದೊರೆಯುವುದಿಲ್ಲ. .32 ಬೋರಿನವರು ಈ ದೃಷ್ಟಿಯಿಂದ ಮೊದಲೇ ಅನುಕೂಲಕರ ಸ್ಥಿತಿಯಲ್ಲಿದ್ದಾರೆ.

ಪ್ರಶ್ನೆ: .32 ಕೂಡ ಕಷ್ಟವೆನಿಸಿದರೆ?
ಉತ್ತರ: ಮೊದಲು ಹಿಡಿಯನ್ನು ಬದಲಿಸಿ ನೋಡಬಹುದು, ನಂತರ ಭಾರವಾದ ರಿವಾಲ್ವರನ್ನು ಪರಿಶೀಲಿಸಬಹುದು. .22 ಬೋರಿನ ರಿವಾಲ್ವರುಗಳೂ ಇವೆ. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆ ತಯಾರಿಸಿದ 'ನಿಡರ್' ಸುಮಾರು 250 ಗ್ರಾಂ ತೂಕದ ಅಂತಹ ಒಂದು ಮಾದರಿ. .22 ತೋಟಾದ ಒದೆತ ಅತ್ಯಲ್ಪ. ಆದರೆ ಅದರ ಪ್ರೈಮರ್ ಮಿಶ್ರಣ ಕೋಶದ ಅಂಚಿನಲ್ಲಿರುವುದರಿಂದ ಹಾರದೆ ಉಳಿಯುವ ಸಂಭವ .32ಕ್ಕಿಂತ ಸ್ವಲ್ಪ ಹೆಚ್ಚು. ಬೋರ್ ಬದಲಾವಣೆಗೆ ಪರವಾನಗಿ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ.

ಪ್ರಶ್ನೆ: ತೋಟಾ ಬಿಚ್ಚಿ ಸ್ವಲ್ಪ ಮದ್ದು ತೆಗೆದರೆ ಒದೆತ ಕಡಿಮೆಯಾಗುವುದಿಲ್ಲವೇ?
ಉತ್ತರ: ಹೀಗೆ ಮಾಡುವುದು ಅಪಾಯಕಾರಿಯೂ ಕಾನೂನುಬಾಹಿರವೂ ಆಗಿದೆ. ಮದ್ದು ಕಡಿಮೆಯಾದರೆ ಗುಂಡು ನಳಿಗೆಯಲ್ಲಿ ಸಿಲುಕುತ್ತದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಗುರುತರ ಶಿಕ್ಷೆಗೆ ಒಳಪಡುವ ಅಪರಾಧ.

ಪ್ರಶ್ನೆ: ಕೊಡಗಿನಲ್ಲಿ ವಿನಾಯಿತಿ ಹೊಂದಿರುವವರಿಗೂ ಈ ಮಾಹಿತಿ ಅನ್ವಯಿಸುತ್ತದೆಯೇ?
ಉತ್ತರ: ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರ ಅಕ್ಟೋಬರ್ ವರೆಗೆ ಮುಂದುವರಿಸಿದೆ. ಯಾವ ಆಯುಧ, ಎಷ್ಟು ಮದ್ದುಗುಂಡು ಎಂಬುದಕ್ಕೆ ವಿನಾಯಿತಿ ಪತ್ರದಲ್ಲಿನ ನಮೂದೇ ಆಧಾರ. ಆದರೆ ತೋಟಾ ಮತ್ತು ಆಯುಧಗಳ ಹೊಂದಾಣಿಕೆಗೂ ಒದೆತಕ್ಕೂ ವಿನಾಯಿತಿ ಎಂಬುದಿಲ್ಲ. ಮೇಲಿನ ಎಚ್ಚರಿಕೆಗಳು ಎಲ್ಲರಿಗೂ ಸಮಾನ.

11. ಸಾರಾಂಶ

ರಿವಾಲ್ವರ್ ಹಗುರವಾದಷ್ಟೂ ಒದೆತ ಹೆಚ್ಚು ಎಂಬುದನ್ನು ಕೊಳ್ಳುವ ಮುನ್ನ ನೆನಪಿಡಿ. ನಿಮ್ಮ ಆಯುಧಕ್ಕೆ ಸೇರಿದ ತೋಟಾದ ಪೂರ್ಣ ಹೆಸರನ್ನು ತಿಳಿದಿರಿ. ಅದರೊಳಗೆ ಕಡಿಮೆ ವೇಗದ, ವಿಶ್ವಾಸಾರ್ಹ ತಯಾರಿಕೆಯದನ್ನು ಆರಿಸಿ. ಮಂಕಾದ ಸದ್ದು ಕೇಳಿದರೆ ನಿಲ್ಲಿಸಿ. ಆರಿಸಿದ ತೋಟಾದಿಂದ ವರ್ಷಕ್ಕೆ ಕೆಲವು ಬಾರಿಯಾದರೂ ರೇಂಜಿನಲ್ಲಿ ಅಭ್ಯಾಸ ಮಾಡಿ. ಹಿಡಿದವರಿಗೇ ಅಂಜಿಕೆ ಹುಟ್ಟಿಸುವ ಆಯುಧ ಮನೆಗೆ ರಕ್ಷಣೆಯಾಗಲಾರದು.

ಪರವಾನಗಿಯಲ್ಲಿನ ಬೋರ್, ತೋಟಾಗಳ ಪ್ರಮಾಣ ಅಥವಾ ಆಯುಧ ಬದಲಾವಣೆಯ ಕುರಿತು ಹೆಚ್ಚಿನ ಮಾಹಿತಿ ಬೇಕಾದವರು ಆಯಾ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯನ್ನು, ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಆಯುಧದೊಂದಿಗೆ ತಯಾರಕರು ನೀಡಿರುವ ಕೈಪಿಡಿಗೂ ಇಲ್ಲಿನ ವಿವರಣೆಗೂ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯನ್ನೇ ಅನುಸರಿಸತಕ್ಕದ್ದು.